ಎಲೆಕ್ಟ್ರಾನ್ ಯಾವ ಸ್ವರ?



ತಂತು ಸಿದ್ಧಾಂತವನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಸ್ಟುಡಿಯೋದ ನಡುವೆ ಒಂದು ವೀಣೆ ಇರಿಸಿದ್ದೆವು. ಅತಿಥಿಯಾಗಿ ಬಂದಿದ್ದ ಭೌತವಿಜ್ಞಾನದ ಪ್ರಾಧ್ಯಾಪಕರು ಮಾತು ಆರಂಭಿಸುವ ಮೊದಲು ವೈಣಿಕರೊಬ್ಬರು ಒಂದೇ ತಂತಿಯ ಮೇಲೆ ಏಳು ಸ್ವರಗಳನ್ನು ನುಡಿಸಿದರು. ಕೂಡಲೇ ತೆರೆಯ ಮೇಲೆ ಒಂದು ಸಾಲು ಮೂಡಿತು: "ಒಂದೇ ತಂತಿ, ಹಲವು ಸ್ವರ, ಒಂದೇ ತಂತು, ಹಲವು ಕಣ." ಆ ಸಾಲು ಬರೆದವನು ಕಾರ್ಯಕ್ರಮದ ನಿರ್ಮಾಪಕನಾದ ನಾನೇ. ಬರೆದಾಗ ನನಗೆ ಬಹಳ ಹಿಡಿಸಿತ್ತು.

ಕಾರ್ಯಕ್ರಮ ಮುಗಿಯಲು ಒಂದು ನಿಮಿಷ ಉಳಿದಿದ್ದಾಗ ಹಿಂದಿನ ಸಾಲಿನಿಂದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಹಾಗಾದರೆ ಎಲೆಕ್ಟ್ರಾನ್ ಯಾವ ಸ್ವರ ಸಾರ್? ಷಡ್ಜವೋ, ಪಂಚಮವೋ?" ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. "ಬಹಳ ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮಾ. ಆದರೆ ಉತ್ತರಕ್ಕೆ ಒಂದು ನಿಮಿಷ ಸಾಲದು" ಎಂದರು. ಅಷ್ಟರಲ್ಲಿ ನಮ್ಮ ಸಮಯ ಮುಗಿಯಿತು.

ಟೆಲಿವಿಷನ್ನಿನಲ್ಲಿ ಗಡಿಯಾರವೇ ಯಜಮಾನ. ಪುಸ್ತಕದ ಪುಟಕ್ಕೆ ಆ ಕಾಟವಿಲ್ಲ. ಆದ್ದರಿಂದ ಉಳಿದುಹೋದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಬರೆದ ಸಾಲು ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದನ್ನು ಬಿಡಿಸಿಕೊಂಡರೆ ತಂತು ಸಿದ್ಧಾಂತದ ತಿರುಳು ನಿಮ್ಮ ಕೈಗೆ ಸಿಕ್ಕಿದಂತೆಯೇ.

ಚುಕ್ಕೆಯೊಳಗೆ ಏನಿದೆ?

ಮೊದಲು, ಈ ಸಿದ್ಧಾಂತದ ಅಗತ್ಯವಾದರೂ ಏಕೆ ಬಂತು ಎಂದು ನೋಡೋಣ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ತೋರಿಸಿದರು. 1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್ - ಈ ಮೂರರಿಂದಲೇ ಎಲ್ಲ ವಸ್ತುವೂ ಆಗಿದೆ ಎಂಬ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 1936ರ ವೇಳೆಗೆ ವಿಶ್ವಕಿರಣಗಳಲ್ಲಿ ಮ್ಯುಆನ್ ಎಂಬ ಕಣ ಸಿಕ್ಕಿತು. ಅದು ಎಲ್ಲ ವಿಷಯದಲ್ಲೂ ಎಲೆಕ್ಟ್ರಾನಿನ ಅಣ್ಣನಂತೆ. ದ್ರವ್ಯರಾಶಿ ಮಾತ್ರ ಸುಮಾರು 207 ಪಟ್ಟು ಹೆಚ್ಚು. ಇಂಥದ್ದೊಂದು ಕಣ ಪ್ರಕೃತಿಗೆ ಏಕೆ ಬೇಕಾಯಿತೆಂದು ಯಾರಿಗೂ ಹೊಳೆಯಲಿಲ್ಲ. ಮುಂದೆ ಹೊಸ ಹೊಸ ಕಣಗಳು ಸಾಲುಗಟ್ಟಿ ಬಂದವು. 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್, ಪ್ರೋಟಾನ್ ಮತ್ತು ಅದರ ಬಳಗದ ಕಣಗಳೆಲ್ಲ ಕ್ವಾರ್ಕುಗಳಿಂದ ಆಗಿವೆ ಎಂದು ಬೇರೆ ಬೇರೆಯಾಗಿ ಸೂಚಿಸಿದ ಮೇಲೆ ಪಟ್ಟಿ ಒಂದು ಹದಕ್ಕೆ ಬಂತು.

ಇಂದಿನ ಪಟ್ಟಿಗೆ ಸ್ಟ್ಯಾಂಡರ್ಡ್ ಮಾಡೆಲ್ ಎಂದು ಹೆಸರು. ಅದರಲ್ಲಿ ಆರು ಕ್ವಾರ್ಕುಗಳಿವೆ. ಎಲೆಕ್ಟ್ರಾನ್, ಮ್ಯುಆನ್, ಟೌ ಮತ್ತು ಮೂರು ನ್ಯೂಟ್ರಿನೋಗಳು ಸೇರಿ ಇನ್ನಾರು. ಬಲಗಳನ್ನು ಸಾಗಿಸುವ ಫೋಟಾನ್, ಗ್ಲೂಆನ್, ಡಬ್ಲ್ಯೂ ಮತ್ತು ಝಡ್ ಕಣಗಳಿವೆ. 2012ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸಿಕ್ಕ ಹಿಗ್ಸ್ ಕಣವೂ ಇದೆ. ಪ್ರಯೋಗಕ್ಕೆ ಇಷ್ಟು ಚೆನ್ನಾಗಿ ಹೊಂದುವ ಸಿದ್ಧಾಂತ ವಿಜ್ಞಾನದಲ್ಲಿ ಅಪರೂಪ.

ಆದರೂ ಒಂದು ಕೊರತೆ ಇದೆ. ಈ ಸಿದ್ಧಾಂತದಲ್ಲಿ ಪ್ರತಿಯೊಂದು ಮೂಲಕಣವೂ ಒಂದು ಚುಕ್ಕೆ. ಉದ್ದವಿಲ್ಲ, ಅಗಲವಿಲ್ಲ, ಒಳಗೆಂಬುದೇ ಇಲ್ಲ. ಆದರೆ ಆ ಚುಕ್ಕೆಗೆ ಗುಣಗಳಿವೆ: ಇಷ್ಟು ರಾಶಿ, ಇಷ್ಟು ವಿದ್ಯುದಾವೇಶ, ಸ್ಪಿನ್ ಎಂದು ಕರೆಯುವ ಇಂಥ ಗಿರಕಿ. ಟಾಪ್ ಕ್ವಾರ್ಕಿನ ರಾಶಿ ಎಲೆಕ್ಟ್ರಾನಿನ ರಾಶಿಯ 3 ಲಕ್ಷ ಪಟ್ಟಿಗೂ ಹೆಚ್ಚು, ಎರಡೂ ಚುಕ್ಕೆಗಳೇ! ಏಕೆ ಹೀಗೆ? ಸ್ಟ್ಯಾಂಡರ್ಡ್ ಮಾಡೆಲ್ ಉತ್ತರ ಹೇಳುವುದಿಲ್ಲ. ಆ ಅಂಕಿಗಳನ್ನು ಪ್ರಯೋಗದಲ್ಲಿ ಅಳೆದು ಹಾಜರಿ ಪುಸ್ತಕದಲ್ಲಿ ಹೆಸರು ಬರೆದಂತೆ ಬರೆದುಕೊಳ್ಳಬೇಕು. ಇನ್ನೊಂದು ವಿಸ್ಮಯ: ನಿಮ್ಮ ಮನೆಯ ವಿದ್ಯುತ್ ತಂತಿಯಲ್ಲಿರುವ ಎಲೆಕ್ಟ್ರಾನಿಗೂ ದೂರದ ನಕ್ಷತ್ರದಲ್ಲಿರುವ ಎಲೆಕ್ಟ್ರಾನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕೊರತೆಗಿಂತ ದೊಡ್ಡ ತೊಡಕೊಂದಿದೆ. ಈ ಪಟ್ಟಿಯಲ್ಲಿ ಗುರುತ್ವಾಕರ್ಷಣೆಗೆ ಜಾಗವೇ ಇಲ್ಲ. ಚುಕ್ಕೆಯಂಥ ಕಣಗಳನ್ನು ಇಟ್ಟುಕೊಂಡು ಗುರುತ್ವಕ್ಕೆ ಕ್ವಾಂಟಮ್ ನಿಯಮಗಳನ್ನು ಅನ್ವಯಿಸಿದರೆ ಲೆಕ್ಕದ ಕೊನೆಯಲ್ಲಿ ಅನಂತ ಎಂಬ ಉತ್ತರ ಬರುತ್ತದೆ. ಬೇರೆ ಬಲಗಳಲ್ಲಿಯೂ ಅನಂತಗಳು ಬರುತ್ತವೆ, ಅವನ್ನು ಕ್ರಮವಾಗಿ ನಿವಾರಿಸುವ ವಿಧಾನವಿದೆ. ಗುರುತ್ವದಲ್ಲಿ ಆ ವಿಧಾನ ನಡೆಯುವುದಿಲ್ಲ.

ತಂತಿ ಎಣಿಸುವುದನ್ನು ಬಲ್ಲದು

ಈಗ ವೀಣೆಯ ಬಳಿಗೆ ಬರೋಣ. ಮನೆಯಲ್ಲಿ ವೀಣೆಯೋ ತಂಬೂರಿಯೋ ಗಿಟಾರೋ ಇದ್ದರೆ ಈ ಪ್ರಯೋಗ ಮಾಡಿ ನೋಡಿ. ತಂತಿಯನ್ನು ಮೀಟಿ, ಅದು ನುಡಿಯುತ್ತಿರುವಾಗಲೇ ಅದರ ಸರಿಮಧ್ಯವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ತೆಗೆಯಿರಿ. ಒತ್ತಬಾರದು, ಬರೀ ಸೋಕಿಸಬೇಕು. ಮೂಲ ಸ್ವರ ಅಡಗಿ ಮೇಲಿನ ಷಡ್ಜ ಕೇಳಿಸುತ್ತದೆ. ಮೂರನೇ ಒಂದು ಭಾಗದಲ್ಲಿ ಮುಟ್ಟಿದರೆ ಅದಕ್ಕೂ ಮೇಲಿನ ಪಂಚಮ ಕೇಳಿಸುತ್ತದೆ.

ಏಕೆ? ತಂತಿಯ ಎರಡೂ ತುದಿಗಳು ಕಟ್ಟಲ್ಪಟ್ಟಿವೆ. ತುದಿಗಳು ಅಲುಗಲಾರವು. ಆದ್ದರಿಂದ ತಂತಿಯ ಉದ್ದದಲ್ಲಿ ಒಂದು ಅರ್ಧ ಅಲೆ ಹಿಡಿಸಬಹುದು, ಎರಡು ಹಿಡಿಸಬಹುದು, ಮೂರು ಹಿಡಿಸಬಹುದು. ಒಂದೂಕಾಲು ಹಿಡಿಸಲಾರದು. ಮೂಲ ಕಂಪನದ ಆವೃತ್ತಿ ಸೆಕೆಂಡಿಗೆ 120 ಎಂದಿದ್ದರೆ ಮುಂದಿನವು 240, 360, 480. ನಡುವೆ ಏನೂ ಇಲ್ಲ. ಇವಕ್ಕೆ ಮೇಲ್ಸ್ವರಗಳು ಎನ್ನುತ್ತೇವೆ.

ಇಲ್ಲಿ ಗಮನಿಸಬೇಕಾದ ಅಂಶ ಇದು. ತಂತಿ ಒಂದೇ, ಅಖಂಡ. ಆದರೂ ಅದರ ಕಂಪನಗಳು ಒಂದು, ಎರಡು, ಮೂರು ಎಂದು ಎಣಿಕೆಗೆ ಸಿಕ್ಕುತ್ತವೆ. ಎಲ್ಲ ಎಲೆಕ್ಟ್ರಾನುಗಳೂ ಏಕೆ ಒಂದೇ ಅಚ್ಚಿನವು, ಎಲೆಕ್ಟ್ರಾನಿಗೂ ಮ್ಯುಆನಿಗೂ ನಡುವೆ ಬೇಕೆಂದಷ್ಟು ತೂಕದ ಕಣಗಳು ಏಕೆ ಇಲ್ಲ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕೆ? ಭೌತವಿಜ್ಞಾನದಲ್ಲಿ ಈ ಸುಳಿವು ಒಮ್ಮೆ ಫಲ ಕೊಟ್ಟಿದೆ ಕೂಡ. ಪರಮಾಣುವಿನಲ್ಲಿ ಎಲೆಕ್ಟ್ರಾನಿಗೆ ನಿಗದಿಯಾದ ಕೆಲವು ಶಕ್ತಿಮಟ್ಟಗಳು ಮಾತ್ರ ಏಕೆ ಇವೆ ಎಂಬುದು 1913ರ ಬೋರ್ ಮಾದರಿಯಲ್ಲಿ ಒಗಟಾಗಿಯೇ ಉಳಿದಿತ್ತು. 1924ರಲ್ಲಿ ಡಿ ಬ್ರಾಯ್ ಎಲೆಕ್ಟ್ರಾನನ್ನು ಅಲೆ ಎಂದು ಭಾವಿಸಿ, ಕಕ್ಷೆಯ ಸುತ್ತಳತೆಯಲ್ಲಿ ಪೂರ್ಣ ಅಲೆಗಳೇ ಹಿಡಿಸಬೇಕು ಎಂದು ಅದನ್ನು ಬಿಡಿಸಿದರು.

ಕಂಪನ ತೂಕವಾಗುವ ಬಗೆ

ಕಂಪನದಿಂದ ಸ್ವರ ಹುಟ್ಟುತ್ತದೆ, ಸರಿ. ತೂಕ ಹುಟ್ಟುವುದು ಹೇಗೆ? ಐನ್‌ಸ್ಟೈನ್ 1905ರಲ್ಲಿ ತೋರಿಸಿದ ಪ್ರಕಾರ ಶಕ್ತಿ ಮತ್ತು ರಾಶಿ ಒಂದೇ ನಾಣ್ಯದ ಎರಡು ಬೆಲೆಗಳು. ರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. ಜೋರಾಗಿ ಕಂಪಿಸುವ ತಂತಿಯಲ್ಲಿ ಹೆಚ್ಚು ಶಕ್ತಿ ಇದೆ. ಹಾಗಾದರೆ ಅದರ ರಾಶಿಯೂ ಹೆಚ್ಚು. ವೀಣೆಯಲ್ಲಿ ಈ ಹೆಚ್ಚಳ ಅಳತೆಗೆ ಸಿಗದಷ್ಟು ಸಣ್ಣದು, ಅಷ್ಟೇ.

ಇದು ಬರೀ ಊಹೆ ಎನ್ನಬೇಡಿ. ಪ್ರೋಟಾನನ್ನು ನೋಡಿ. ಅದರೊಳಗಿನ ಮೂರು ಕ್ವಾರ್ಕುಗಳ ಸ್ವಂತ ರಾಶಿಯನ್ನು ಕೂಡಿದರೆ ಪ್ರೋಟಾನಿನ ರಾಶಿಯ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಆಗುತ್ತದೆ. ಉಳಿದ 99 ಪಾಲು ಎಲ್ಲಿಂದ ಬಂತು? ಕ್ವಾರ್ಕುಗಳ ಓಡಾಟದಿಂದ ಮತ್ತು ಅವನ್ನು ಬಿಗಿದಿಟ್ಟಿರುವ ಗ್ಲೂಆನುಗಳ ಶಕ್ತಿಯಿಂದ. ನಿಮ್ಮ ತೂಕ 50 ಕಿಲೋ ಎಂದಾದರೆ ಅದರಲ್ಲಿ ಕ್ವಾರ್ಕುಗಳ ಸ್ವಂತ ಪಾಲು ಅರ್ಧ ಕಿಲೋದ ಆಸುಪಾಸು. ಮಿಕ್ಕದ್ದೆಲ್ಲ ಚಲನೆ ಮತ್ತು ಬಂಧನದ ಶಕ್ತಿಯೇ. ಚಲನೆ ತೂಕವಾಗಿ ತೋರುತ್ತದೆ ಎಂಬುದು ಆಗಲೇ ಪ್ರಯೋಗಗಳಿಂದ ಸಿದ್ಧವಾದ ಸಂಗತಿ. ತಂತು ಸಿದ್ಧಾಂತ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಕ್ವಾರ್ಕು, ಎಲೆಕ್ಟ್ರಾನುಗಳೂ ಚುಕ್ಕೆಗಳಲ್ಲ, ಅತಿ ಸಣ್ಣ ತಂತುಗಳು, ಅವುಗಳ ಗುಣಗಳೆಲ್ಲ ಆ ತಂತು ಕಂಪಿಸುವ ರೀತಿಯಿಂದ ಬರುತ್ತವೆ. ನನ್ನ ಸಾಲಿನಲ್ಲಿ ಸರಿಯಾಗಿದ್ದ ಅರ್ಧ ಇದು.

ಬೇಡವಾದ ಕಣವೇ ವರವಾಯಿತು

ಈ ಕಲ್ಪನೆ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1968ರಲ್ಲಿ ಗೇಬ್ರಿಯೆಲೆ ವೆನೆಜಿಯಾನೋ ಎಂಬ ಇಟಲಿಯ ಯುವ ವಿಜ್ಞಾನಿ, ಪ್ರೋಟಾನ್ ಬಳಗದ ಕಣಗಳ ಘರ್ಷಣೆಗೆ ಒಂದು ಸೂತ್ರವನ್ನು ಸೂಚಿಸಿದರು. ಅದರಲ್ಲಿದ್ದುದು 18ನೇ ಶತಮಾನದ ಗಣಿತಜ್ಞ ಆಯ್ಲರ್ ಅಧ್ಯಯನ ಮಾಡಿದ್ದ ಒಂದು ಫಲನ. ಸೂತ್ರವೇನೋ ಸಿಕ್ಕಿತು, ಅದರ ಅರ್ಥ ಸಿಗಲಿಲ್ಲ. 1970ರ ವೇಳೆಗೆ ನಂಬು, ನೀಲ್ಸನ್ ಮತ್ತು ಸಸ್ಕಿಂಡ್ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು: ಇದು ಕಂಪಿಸುವ ತಂತುಗಳ ಸೂತ್ರ! ಆ ಲೆಕ್ಕದ ತಂತುವಿನ ಎಳೆತ ಎಷ್ಟು ಗೊತ್ತೇ? ಒಂದು ಪ್ರೋಟಾನಿನ ಅಗಲದಲ್ಲಿ ಸುಮಾರು 16 ಟನ್ ಭಾರ ತೂಗಿಹಾಕಿದಷ್ಟು.

ಆದರೆ ಈ ಸಿದ್ಧಾಂತದಲ್ಲಿ ಕರೆಯದೆ ಬಂದ ಅತಿಥಿಯೊಂದಿತ್ತು. ಉಂಗುರದಂತೆ ಮುಚ್ಚಿಕೊಂಡ ತಂತುವಿನ ಕಂಪನಗಳಲ್ಲಿ ಒಂದಕ್ಕೆ ರಾಶಿ ಸೊನ್ನೆ, ಸ್ಪಿನ್ 2 ಬರುತ್ತಿತ್ತು. ಪ್ರೋಟಾನಿನ ಬಳಗದಲ್ಲಿ ಅಂಥ ಕಣವೇ ಇಲ್ಲ. ಅದನ್ನು ಹೊರಗಟ್ಟಲು ಎಷ್ಟು ಪ್ರಯತ್ನಿಸಿದರೂ ಅದು ಹೋಗಲಿಲ್ಲ. ಅಷ್ಟರಲ್ಲಿ 1973ರಲ್ಲಿ ಕ್ವಾರ್ಕು ಮತ್ತು ಗ್ಲೂಆನುಗಳ ಹೊಸ ಸಿದ್ಧಾಂತ ಬಂದು ಪ್ರೋಟಾನನ್ನು ಚೆನ್ನಾಗಿ ವಿವರಿಸಿತು. ತಂತುವನ್ನು ಬಹುಮಂದಿ ಕೈಬಿಟ್ಟರು.

1974ರಲ್ಲಿ ಫ್ರಾನ್ಸಿನ ಜೋಯೆಲ್ ಶೆರ್ಕ್ ಮತ್ತು ಅಮೆರಿಕದ ಜಾನ್ ಶ್ವಾರ್ಟ್ಸ್, ಅತ್ತ ಜಪಾನಿನಲ್ಲಿ ಯೋನೆಯಾ, ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ರಾಶಿ ಇಲ್ಲದ, ಸ್ಪಿನ್ 2 ಇರುವ ಕಣ ಎಂದರೆ ಗುರುತ್ವವನ್ನು ಸಾಗಿಸಬೇಕಾದ ಗ್ರಾವಿಟಾನ್ ಅಲ್ಲವೇ? ಐನ್‌ಸ್ಟೈನರ ಗುರುತ್ವ ಸಿದ್ಧಾಂತವನ್ನು ಕ್ವಾಂಟಮ್ ಭಾಷೆಗೆ ತಂದರೆ ಬೇಕಾಗುವುದು ಇದೇ ಕಣ. ಹಾಗಾದರೆ ತಂತು ಪ್ರೋಟಾನಿನ ಸಿದ್ಧಾಂತವಲ್ಲ, ಗುರುತ್ವವೂ ಸೇರಿದ ಎಲ್ಲ ಬಲಗಳ ಸಿದ್ಧಾಂತ ಆಗಿರಬಹುದು! ಹತ್ತು ವರ್ಷ ಈ ಮಾತನ್ನು ಕೇಳಿದವರು ಕಡಿಮೆ. 1984ರಲ್ಲಿ ಮೈಕೇಲ್ ಗ್ರೀನ್ ಮತ್ತು ಶ್ವಾರ್ಟ್ಸ್, ಈ ಸಿದ್ಧಾಂತವನ್ನು ಒಳಗಿನಿಂದಲೇ ಕೆಡವಬಹುದಾಗಿದ್ದ ಒಂದು ಗಣಿತದೋಷ ತಾನಾಗಿಯೇ ಅಳಿಸಿಹೋಗುತ್ತದೆ ಎಂದು ತೋರಿಸಿದ ಮೇಲೆ ಜಗತ್ತು ಇತ್ತ ತಿರುಗಿತು.

ಆ ಅನಂತಗಳ ಕಾಟ ಏನಾಯಿತು? ಎರಡು ಚುಕ್ಕೆಗಳು ಸೇರಬೇಕಾದರೆ ಒಂದೇ ಬಿಂದುವಿನಲ್ಲಿ, ಒಂದೇ ಕ್ಷಣದಲ್ಲಿ ಸೇರಬೇಕು. ತೊಂದರೆ ಹುಟ್ಟುವುದು ಅಲ್ಲಿ. ಎರಡು ಉಂಗುರಗಳು ಸೇರುವುದು ಹಾಗಲ್ಲ. ಅವು ಕಾಲದಲ್ಲಿ ಸಾಗಿದ ದಾರಿಯನ್ನು ಚಿತ್ರಿಸಿದರೆ ಪೈಜಾಮದ ಎರಡು ಕಾಲುಗಳು ಸೊಂಟದಲ್ಲಿ ಒಂದಾದಂತೆ ಕಾಣುತ್ತದೆ. ಸೇರಿದ ಜಾಗ ಇದೇ ಎಂದು ಬೆರಳಿಟ್ಟು ತೋರಿಸುವಂಥ ಚೂಪು ಬಿಂದು ಅಲ್ಲಿಲ್ಲ. ಅನಂತಗಳಿಗೆ ನೆಲೆ ತಪ್ಪುವುದು ಹೀಗೆ.

ವೀಣೆ ಕೈಕೊಡುವುದು ಎಲ್ಲಿ?

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಒಂದಲ್ಲ, ಮೂರು ತಪ್ಪುಗಳಿವೆ.

ಮೊದಲನೆಯದು: ಸ್ಟುಡಿಯೋದಲ್ಲಿ ವೈಣಿಕರು ನುಡಿಸಿದ ಏಳು ಸ್ವರಗಳು ಮೆಟ್ಟಿಲುಗಳ ಮೇಲೆ ತಂತಿಯನ್ನು ಒತ್ತಿ, ಕಂಪಿಸುವ ಉದ್ದವನ್ನು ಬದಲಿಸಿ ತೆಗೆದವು. ಸಿದ್ಧಾಂತದ ತಂತುವನ್ನು ಒತ್ತಿ ಗಿಡ್ಡ ಮಾಡಲು ಬೆರಳಿಲ್ಲ. ನಾವು ತೋರಿಸಬೇಕಾಗಿದ್ದುದು ಉದ್ದ ಬದಲಿಸದೆ ಬರುವ ಮೇಲ್ಸ್ವರಗಳನ್ನು, ಅಂದರೆ ನಡುವೆ ಹಗುರವಾಗಿ ಮುಟ್ಟಿದಾಗ ಕೇಳುವವನ್ನು.

ಎರಡನೆಯದು: ವೀಣೆಯ ತಂತಿ ಲೋಹದ್ದು, ಲೋಹ ಪರಮಾಣುಗಳದ್ದು. ತಂತು ಯಾವುದರಿಂದ ಆಗಿದೆ? ಸಿದ್ಧಾಂತದ ಪ್ರಕಾರ ಯಾವುದರಿಂದಲೂ ಅಲ್ಲ, ಅದೇ ಮೊದಲು. ವೀಣೆಯ ತಂತಿ ಸುಮ್ಮನೆ ನಿಂತಿರಬಲ್ಲದು. ಕ್ವಾಂಟಮ್ ನಿಯಮಗಳಿಗೆ ಒಳಪಟ್ಟ ತಂತು ಪೂರ್ತಿ ನಿಶ್ಚಲವಾಗಿ ಇರಲಾರದು.

ಮೂರನೆಯದೇ ಮುಖ್ಯ. ಎಲೆಕ್ಟ್ರಾನ್ ಷಡ್ಜ, ಮ್ಯುಆನ್ ರಿಷಭ, ಕ್ವಾರ್ಕು ಗಾಂಧಾರ ಎಂಬಂತೆ ಒಂದರ ಮೇಲೊಂದು ಸ್ವರಗಳೆಂದು ಭಾವಿಸಿದರೆ ಲೆಕ್ಕ ಕೂಡುವುದೇ ಇಲ್ಲ. ಏಕೆಂದರೆ ಈ ತಂತುವಿನ ಎಳೆತ ಹಿಂದೆ ಹೇಳಿದ 16 ಟನ್ನಿನದಲ್ಲ. ಗುರುತ್ವದ ಬಲಕ್ಕೆ ಹೊಂದಬೇಕಾದರೆ ಅದು ಅಂದಾಜು 1ರ ಮುಂದೆ 39 ಸೊನ್ನೆ ಇಟ್ಟಷ್ಟು ಟನ್ ಇರಬೇಕು! ಅಷ್ಟು ಬಿಗಿಯಾದ ತಂತುವಿನಲ್ಲಿ ಒಂದು ಮೇಲ್ಸ್ವರ ಎಬ್ಬಿಸಲು ಅಪಾರ ಶಕ್ತಿ ಬೇಕು. ಮೊದಲ ಮೇಲ್ಸ್ವರಕ್ಕೇ ಹತ್ತಿರಹತ್ತಿರ 1 ಮಿಲಿಗ್ರಾಮಿನ ಐವತ್ತನೇ ಒಂದು ಭಾಗದಷ್ಟು ರಾಶಿ ಬರುತ್ತದೆ. ಅಷ್ಟೇ ತಾನೇ ಎನ್ನಬೇಡಿ. ಎಲೆಕ್ಟ್ರಾನಿಗೆ ಹೋಲಿಸಿದರೆ ಅದು 1ರ ಮುಂದೆ 22 ಸೊನ್ನೆ ಇಟ್ಟಷ್ಟು ಪಟ್ಟಿಗೂ ಹೆಚ್ಚು. ಒಂದು ಮೂಲಕಣ ಕಣ್ಣಿಗೆ ಕಾಣುವ ಧೂಳಿನಷ್ಟು ತೂಗಿದಂತೆ.

ಹಾಗಾದರೆ ನಮಗೆ ಗೊತ್ತಿರುವ ಕಣಗಳೆಲ್ಲ ಎಲ್ಲಿವೆ? ಎಲ್ಲವೂ ಒಂದೇ ಮಟ್ಟದಲ್ಲಿ, ತೀರ ಕೆಳಗಿನ ಮೆಟ್ಟಿಲಿನಲ್ಲಿ ಇವೆ. ಅಲ್ಲಿ ಒಂದು ಸೋಜಿಗ ನಡೆಯುತ್ತದೆ. ಕ್ವಾಂಟಮ್ ಲೆಕ್ಕದಲ್ಲಿ ತಂತುವಿಗೆ ಒಂದು ಋಣಶಕ್ತಿಯ ಪಾಲೂ ಬರುತ್ತದೆ. ಕೆಳಮಟ್ಟದ ಕೆಲವು ಕಂಪನಗಳ ಶಕ್ತಿಯನ್ನು ಅದು ಸರಿಯಾಗಿ ತೂಗಿಸಿ, ಒಟ್ಟು ರಾಶಿಯನ್ನು ಸೊನ್ನೆ ಮಾಡುತ್ತದೆ. ಕಂಪನವಿದೆ, ರಾಶಿಯಿಲ್ಲ. ಫೋಟಾನ್, ಗ್ರಾವಿಟಾನ್ ಅಂಥವು. ಎಲೆಕ್ಟ್ರಾನ್, ಕ್ವಾರ್ಕುಗಳೂ ಮೊದಲ ಲೆಕ್ಕದಲ್ಲಿ ರಾಶಿ ಇಲ್ಲದವೇ. ಅವುಗಳ ಪುಟ್ಟ ರಾಶಿ ಹಿಗ್ಸ್ ಕ್ಷೇತ್ರದ ಮೂಲಕ ಆಮೇಲೆ ಬರಬೇಕು.

ಒಂದೇ ಮೆಟ್ಟಿಲಿನಲ್ಲಿದ್ದರೆ ಒಂದಕ್ಕೊಂದು ಭೇದವೆಲ್ಲಿ? ಸ್ವರದ ಎತ್ತರದಲ್ಲಿ ಅಲ್ಲ, ಕಂಪಿಸುವ ದಿಕ್ಕು ಮತ್ತು ಬಗೆಯಲ್ಲಿ. ಹಗ್ಗವನ್ನು ಮೇಲೆ ಕೆಳಗೆ ಅಲ್ಲಾಡಿಸಬಹುದು, ಎಡ ಬಲಕ್ಕೆ ಅಲ್ಲಾಡಿಸಬಹುದು, ಸುತ್ತಿ ತಿರುಗಿಸಬಹುದು. ವೇಗ ಒಂದೇ ಆದರೂ ಬಗೆ ಬೇರೆ. ತಂತುವಿಗೆ ಇಂಥ ದಿಕ್ಕುಗಳು ನಮಗೆ ಕಾಣುವ ಮೂರಕ್ಕಿಂತ ಹೆಚ್ಚು ಇವೆ. ಸಿದ್ಧಾಂತದ ಗಣಿತ ದೋಷವಿಲ್ಲದೆ ನಿಲ್ಲಬೇಕಾದರೆ ಒಂಬತ್ತು ದಿಕ್ಕುಗಳೂ ಕಾಲವೂ ಸೇರಿ ಒಟ್ಟು ಹತ್ತು ಆಯಾಮಗಳು ಬೇಕು. ಉಳಿದ ಆರು ಎಲ್ಲಿ ಅಡಗಿವೆ? ಬಟ್ಟೆ ಒಣಹಾಕುವ ಹಗ್ಗ ದೂರದಿಂದ ಬರೀ ಗೆರೆ. ಅದರ ಮೇಲೆ ನಡೆಯುವ ಇರುವೆಗೆ ಮಾತ್ರ ಸುತ್ತುವುದಕ್ಕೂ ಜಾಗವಿದೆಯೆಂದು ಗೊತ್ತು. ಹಾಗೆ ಆರು ದಿಕ್ಕುಗಳು ನಮ್ಮ ಯಾವ ಯಂತ್ರಕ್ಕೂ ಕಾಣದಷ್ಟು ಸಣ್ಣದಾಗಿ ಸುರುಳಿಗೊಂಡಿರಬಹುದು.

ಆ ಸುರುಳಿಯ ಆಕಾರವೇ ಯಾವ ಕಂಪನಗಳು ಉಳಿಯಬೇಕು, ಯಾವುವು ಉಳಿಯಬಾರದು ಎಂದು ನಿರ್ಧರಿಸುತ್ತದೆ. ಇಲ್ಲಿ ನಮ್ಮ ವಾದ್ಯಗಳು ಮತ್ತೆ ನೆರವಿಗೆ ಬರುತ್ತವೆ. ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತೆಯಲ್ಲಿದ್ದಾಗ, ವೀಣೆ ಮತ್ತು ತಂಬೂರಿಗಳ ಮೇಲೆ ಪ್ರಯೋಗ ನಡೆಸಿ 1921ರಲ್ಲಿ ಪ್ರಬಂಧ ಪ್ರಕಟಿಸಿದರು. ಒಂದು ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿನಲ್ಲಿ ಅಲುಗದ ಮೇಲ್ಸ್ವರಗಳು ಹುಟ್ಟಬಾರದು ಎಂಬುದು ಹಳೆಯ ನಿಯಮ. ತಂಬೂರಿಯಲ್ಲಿ ಅವೂ ಧಾರಾಳವಾಗಿ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಕಾರಣ, ತಂತಿ ಹಾಯ್ದುಹೋಗುವ ಅಗಲವಾದ, ಬಾಗಿದ ಕುದುರೆ. ತಂತಿ ಅದೇ, ಅದು ಒರಗಿರುವ ಆಕಾರ ಬದಲಾದರೆ ನಾದವೇ ಬದಲು. ಅಡಗಿದ ಆಯಾಮಗಳ ಆಕಾರಕ್ಕೂ ಕಣಗಳ ಪಟ್ಟಿಗೂ ಇರುವ ಸಂಬಂಧ ಇಂಥದ್ದೇ ಎಂದು ತಿಳಿಯಬಹುದು.

ತೊಂದರೆ ಏನೆಂದರೆ ಸಾಧ್ಯವಿರುವ ಆಕಾರಗಳು ಒಂದೆರಡಲ್ಲ. ಬಗೆಬಗೆಯ ವಿನ್ಯಾಸಗಳನ್ನೆಲ್ಲ ಎಣಿಸಿದರೆ 1ರ ಮುಂದೆ 500 ಸೊನ್ನೆ ಎಂಬ ಅಂದಾಜು ಪ್ರಸಿದ್ಧವಾಗಿದೆ. ನಮ್ಮ ಜಗತ್ತು ಅದರಲ್ಲಿ ಯಾವುದು? ಎಲೆಕ್ಟ್ರಾನಿನ ರಾಶಿ ಇಷ್ಟೇ ಏಕೆ ಎಂದು ತಂತು ಸಿದ್ಧಾಂತದಿಂದ ಇದುವರೆಗೆ ಯಾರೂ ಲೆಕ್ಕ ಹಾಕಿ ತೋರಿಸಿಲ್ಲ. ನಾವು ಯಾವ ಪ್ರಶ್ನೆಯಿಂದ ಹೊರಟೆವೋ ಅದು ಇನ್ನೂ ಹಾಗೆಯೇ ಇದೆ.

ನೋಡಿದವರು ಯಾರು?

ಯಾರೂ ನೋಡಿಲ್ಲ. ಇದನ್ನು ನೇರವಾಗಿಯೇ ಹೇಳಬೇಕು. ತಂತುವಿನ ಉದ್ದದ ಬಗ್ಗೆ ಸಾಮಾನ್ಯವಾಗಿ ಕೊಡುವ ಅಂದಾಜು ಮೀಟರಿನ 1ರ ಮುಂದೆ 35 ಸೊನ್ನೆ ಇಟ್ಟಷ್ಟರ ಒಂದು ಭಾಗದ ಆಸುಪಾಸು. ಒಂದು ಪರಮಾಣುವನ್ನು ಹಿಗ್ಗಿಸಿ ಇಂದು ಕಾಣುವ ಇಡೀ ವಿಶ್ವದಷ್ಟು ದೊಡ್ಡದು ಮಾಡಿದಿರಿ ಎನ್ನಿ. ಆಗ ತಂತು ನಿಮ್ಮ ಶಾಲೆಯ ಆಟದ ಮೈದಾನದಷ್ಟು ಆದೀತು. ಸರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಯಂತ್ರ ಜಗತ್ತಿನಲ್ಲೇ ಬಲಶಾಲಿ. ಅದು ತಲಪುವ ಶಕ್ತಿಗೆ ಇನ್ನೂ 1ರ ಮುಂದೆ 15 ಸೊನ್ನೆಯಷ್ಟು ಪಟ್ಟು ಸೇರಿದರೆ ತಂತುವಿನ ಮಟ್ಟ. ತಂತು ಸಿದ್ಧಾಂತಕ್ಕೆ ಬೇಕಾದ ಸೂಪರ್‌ಸಿಮಿಟ್ರಿ ಎಂಬ ಗುಣದ ಜೊತೆಗಾರ ಕಣಗಳನ್ನಾದರೂ ಅಲ್ಲಿ ಕಾಣಬಹುದೆಂಬ ಆಸೆಯಿತ್ತು. ಅವೂ ಇದುವರೆಗೆ ಸಿಕ್ಕಿಲ್ಲ.

ಯಂತ್ರ ಮುಟ್ಟದ ಎತ್ತರವನ್ನು ಬೇರೆ ದಾರಿಯಿಂದ ಪರೀಕ್ಷಿಸಬಹುದೇ? ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ಪಾಠವಿದೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೋಗಳ ಗುರುತು ಸಿಕ್ಕಿತ್ತು. ಅಲ್ಲಿಯೇ 1980ರ ದಶಕದಲ್ಲಿ ಭಾರತ ಮತ್ತು ಜಪಾನಿನ ವಿಜ್ಞಾನಿಗಳು ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ಕಬ್ಬಿಣದ ಭಾರಿ ಪದರಗಳನ್ನು ಜೋಡಿಸಿ ಕಾದು ಕುಳಿತರು. ಏಕೆ? ಗುರುತ್ವವನ್ನು ಬಿಟ್ಟು ಉಳಿದ ಮೂರು ಬಲಗಳನ್ನು ಒಂದುಗೂಡಿಸುವ ಮಹಾ ಏಕೀಕರಣ ಸಿದ್ಧಾಂತಗಳ ಪ್ರಕಾರ ಪ್ರೋಟಾನ್ ಕೂಡ ಎಂದಾದರೊಮ್ಮೆ ನಶಿಸಬೇಕು. ಒಂದು ಪ್ರೋಟಾನನ್ನು ಕಾಯುತ್ತ ಕುಳಿತರೆ ಯುಗಗಳೂ ಸಾಲವು. ಅಸಂಖ್ಯ ಪ್ರೋಟಾನುಗಳನ್ನು ಒಟ್ಟಿಗೆ ಕಾದರೆ ಒಂದಾದರೂ ಕಣ್ಮುಂದೆ ಒಡೆಯಬಹುದಲ್ಲವೇ? ಅಂಥವಿರಬಹುದು ಎನ್ನಿಸಿದ ಕೆಲವು ಘಟನೆಗಳು ಅಲ್ಲಿ ವರದಿಯಾದವು. ಆದರೆ ಮುಂದಿನ ದೊಡ್ಡ ಪ್ರಯೋಗಗಳು ಅವನ್ನು ದೃಢಪಡಿಸಲಿಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದಿಂದ, ನಿರೀಕ್ಷಿಸಿದ್ದ ಮುಖ್ಯ ಬಗೆಯಲ್ಲಿ ನಶಿಸಬೇಕಾದರೆ ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆ ಇಟ್ಟಷ್ಟು ವರ್ಷಗಳಿಗೂ ಹೆಚ್ಚಿರಬೇಕು ಎಂದು ತಿಳಿದಿದೆ. ಅತ್ಯಂತ ಸರಳವೂ ಸುಂದರವೂ ಆಗಿದ್ದ ಏಕೀಕರಣ ಸಿದ್ಧಾಂತ ಇಂಥ ಪ್ರಯೋಗಗಳ ಮುಂದೆ ಬಿದ್ದುಹೋಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಪಾಠ ಉಳಿದಿದೆ. ಯಾವ ಯಂತ್ರವೂ ಮುಟ್ಟದ ಶಕ್ತಿಯ ಸಿದ್ಧಾಂತವನ್ನೂ ತಾಳ್ಮೆಯಿಂದ ಪರೀಕ್ಷೆಗೆ ಒಡ್ಡಬಹುದು. ಸಿದ್ಧಾಂತ ಎಷ್ಟು ಅಂದವಾಗಿದ್ದರೂ ಅದಕ್ಕೆ ವಿನಾಯಿತಿ ಇಲ್ಲ.

ತಂತು ಸಿದ್ಧಾಂತಕ್ಕೆ ಅಂಥ ನೇರ ಪರೀಕ್ಷೆ ಇನ್ನೂ ಸಿಕ್ಕಿಲ್ಲ. ಹಾಗೆಂದು ಅದು ಬರಿಗೈಯಲ್ಲೂ ಇಲ್ಲ. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ, ಕೆಲವು ವಿಶೇಷ ಕಪ್ಪುಕುಳಿಗಳ ಎಂಟ್ರೊಪಿಯನ್ನು ತಂತು ಸಿದ್ಧಾಂತದ ಎಣಿಕೆಯಿಂದಲೇ ಪಡೆದರು. ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಬೇರೆ ದಾರಿಯಲ್ಲಿ ಪಡೆದಿದ್ದ ಉತ್ತರಕ್ಕೆ ಅದು ಸರಿಹೊಂದಿತು. ನಮ್ಮ ದೇಶದ ಅಶೋಕ್ ಸೇನ್ ಅವರು 1990ರ ದಶಕದಲ್ಲಿ ಮಾಡಿದ ಕೆಲಸ, ಬೇರೆ ಬೇರೆ ಎಂದು ತೋರುತ್ತಿದ್ದ ಐದು ತಂತು ಸಿದ್ಧಾಂತಗಳು ಒಂದೇ ಸಿದ್ಧಾಂತದ ಮುಖಗಳು ಎಂಬ ತಿಳಿವಳಿಕೆಗೆ ದಾರಿ ಮಾಡಿದವುಗಳಲ್ಲಿ ಒಂದು. 2015ರಲ್ಲಿ ತಂತು ವಿಜ್ಞಾನಿಗಳ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ನಿಮ್ಮಲ್ಲಿ ಯಾರಿಗಾದರೂ ಈ ದಾರಿ ಹಿಡಿಯುವ ಆಸೆ ಇದ್ದರೆ ಅದು ದೂರದೇಶದ ಮಾತೇನಲ್ಲ.

ಈಗ ಆ ವಿದ್ಯಾರ್ಥಿನಿಗೆ ಉತ್ತರ. ಎಲೆಕ್ಟ್ರಾನ್ ಷಡ್ಜವೂ ಅಲ್ಲ, ಪಂಚಮವೂ ಅಲ್ಲಮ್ಮಾ. ತಂತು ಸಿದ್ಧಾಂತ ನಿಜವಾಗಿದ್ದರೆ ಎಲೆಕ್ಟ್ರಾನ್, ಕ್ವಾರ್ಕ್, ಫೋಟಾನ್ ಎಲ್ಲವೂ ಒಂದೇ ಶ್ರುತಿಯಲ್ಲಿವೆ. ಅವು ಕಂಪಿಸುವ ಬಗೆ ಬೇರೆ ಬೇರೆ. ಮೇಲಿನ ಸ್ವರಗಳು ನಮ್ಮ ಕೈಗೆಟುಕದಷ್ಟು ಎತ್ತರದಲ್ಲಿವೆ. "ನಿಜವಾಗಿದ್ದರೆ" ಎಂಬ ಮಾತನ್ನು ಬಿಡದೆ ಓದಿಕೋ. ನನ್ನ ಸಾಲಿನಲ್ಲಿ ಇಲ್ಲದೆ ಹೋದದ್ದು ಆ ಮಾತೇ.

ಆ ಕಾರ್ಯಕ್ರಮ ಮರುಪ್ರಸಾರವಾಗುವಾಗ ತೆರೆಯ ಮೇಲಿನ ಸಾಲನ್ನು ತಿದ್ದಬೇಕೆಂದಿದ್ದೇನೆ. ವೀಣೆ ಇರಲಿ, ಆದರೆ ಏಳು ಸ್ವರಗಳ ಬದಲು ತಂತಿಯ ನಡುವೆ ಬೆರಳು ಸೋಕಿಸಿ ಮೇಲ್ಸ್ವರವನ್ನು ಕೇಳಿಸೋಣ ಎಂದು ವೈಣಿಕರಲ್ಲಿ ಕೇಳಿಕೊಂಡಿದ್ದೇನೆ. ನಿಮಗೂ ಒಂದು ಕೋರಿಕೆ. ವಿಜ್ಞಾನವನ್ನು ವಿವರಿಸುವವರು, ನಾವೂ ಸೇರಿದಂತೆ, ಹೋಲಿಕೆಗಳನ್ನು ಕೊಡುತ್ತಲೇ ಇರುತ್ತೇವೆ. ಕೇಳಿ ಸಂತೋಷಪಡಿ. ಆಮೇಲೆ ಆ ಹುಡುಗಿಯಂತೆ ಎದ್ದು ನಿಂತು, ಇದು ಎಲ್ಲಿಯವರೆಗೆ ಸರಿ ಎಂದು ಕೇಳಿ. ಸಮಯ ಮುಗಿದಿದ್ದರೆ ಬರೆದು ಕಳುಹಿಸಿ.